ಮಡಿಕೆಯೊಳಗಿನ ಬಿಳಿ ಗೀರು

ಇಂದು ಭಾನುವಾರ, ಮಾರ್ಗಶಿರದ ಮೊದಲ ವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗಾಗಿ ಬರೆಯಲು ಕುಳಿತಿದ್ದೇನೆ. ದಿನ, ಹೊತ್ತು ಬರೆದುಕೊಳ್ಳದೆ ಯಾವ ಕೆಲಸವನ್ನೂ ಶುರು ಮಾಡಬಾರದೆಂದು ಇಪ್ಪತ್ತನೆಯ ವಯಸ್ಸಿನಲ್ಲಿ ಮಾಡಿಕೊಂಡ ರೂಢಿ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಇದನ್ನು ಬರೆಯಲು ಕಾರಣವಾದದ್ದು ಮೊನ್ನೆ ಗುರುವಾರದ ಒಂದು ಮಾತು. ಧಾರವಾಡದಲ್ಲಿ ನನ್ನ ಗೆಳೆಯರೊಬ್ಬರು ಹಳೆಯ ನಾಣ್ಯ, ಪದಕ, ಬಿಲ್ಲೆಗಳನ್ನು ಕೂಡಿಸುತ್ತಾರೆ. ಬಿಸ್ಕೀಟಿನ ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ನನ್ನ ಕೈಗಿಟ್ಟರು. ಕೊಂಬು ಹರಡಿದ ಜಿಂಕೆಯ ತಲೆ. ಹಿಂದೆ ಅಂಗೈಯಗಲದ ಚೌಕಡಿ ಉಣ್ಣೆಬಟ್ಟೆ, ಕಡುನೀಲಿ ಮತ್ತು ಹಸಿರು. ಸ್ಕಾಟ್‌ಲ್ಯಾಂಡಿನ ಪಲ್ಟಣಿನವರು ಟೋಪಿಗೆ ಹಾಕಿಕೊಳ್ಳುತ್ತಿದ್ದ ಬಿಲ್ಲೆ ಅದು.

"ಬಿಲ್ಲಿ ಖರೇ ಐತ್ರಿ. ಹಿಂದಿನ ಬಟ್ಟಿ ಖೊಟ್ಟಿ. ಈ ಜಿಂಕಿಗೆ ಬಿಳಿ ಗೀರಿನ ಬಟ್ಟಿ ಇರಬೇಕು. ಯಾವನೋ ಆಮ್ಯಾಲ ಸಿಕ್ಕಿದ್ದು ಹಚ್ಚ್ಯಾನ," ಎಂದರು.

ನಾನು ಬಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ಅಂಚು ದಪ್ಪಗಿತ್ತು. ಬಿಲ್ಲೆಯನ್ನು ಕೆಳಗಿಡದೆ ಕೇಳಿದೆ:

"ಒಂದು ಮೂಲ್ಯಾಗ ಎರಡು ಹೊಲಿಗಿ ಬಿಚ್ಚಿ ನೋಡೂಣೇನ್ರಿ?"

"ಏ, ಬಿಚ್ಚೋದು ಬ್ಯಾಡ್ರೀಪಾ! ಬಿಚ್ಚಿದ್ರ ಹಳೀದು ಅನ್ನೋದಕ್ಕ ಏನು ಉಳೀತು?" ಎಂದು ಅವರು ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿಬಿಟ್ಟರು.

ಅವರ ತಪ್ಪೇನೂ ಇಲ್ಲ. ಆ ಬಟ್ಟೆಯ ಕಥೆ ಗೊತ್ತಿರುವವರು ನನ್ನನ್ನು ಬಿಟ್ಟರೆ ಬಹುಶಃ ಯಾರೂ ಉಳಿದಿಲ್ಲ. ಉಗ್ರಾಣದ ಕೆಲಸಕ್ಕೆ, ಮಾಲು ತಪಾಸಣೆಯ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗರಿಗೂ ಅದು ಉಪಯೋಗಕ್ಕೆ ಬಂದೀತು. ನನ್ನ ಬಡ್ತಿಗಳ ವಿಷಯ ಇಲ್ಲಿ ಬೇಡ. ಅವು ಎಲ್ಲರಿಗೂ ಬರುವಂತೆ ಬಂದವು.

ಎರಡನೆಯ ಮಹಾಯುದ್ಧದ ಕಾಲ. ಹುಬ್ಬಳ್ಳಿಯಿಂದ ರಾಯಾಪುರದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ಒಂದು ಹತ್ತಿಯ ಗೋದಾಮು ಇತ್ತು. ಒಬ್ಬ ಗುತ್ತಿಗೆದಾರರು ಅದನ್ನು ಹಿಡಿದು, ಸೈನಿಕರ ಹಳೆಯ ಉಡುಪುಗಳನ್ನು ದುರಸ್ತಿ ಮಾಡಿಸಿ ಮರಳಿ ಕಳಿಸುವ ಕೆಲಸ ನಡೆಸುತ್ತಿದ್ದರು. ಮೆಟ್ರಿಕ್ ಮುಗಿಸಿದ ನಾನು ಅಲ್ಲಿ ಕಾರಕೂನನಾಗಿ ಸೇರಿದೆ. ಗೋದಾಮಿನ ಮೂಲೆಗಳಲ್ಲಿ ಹಳೆಯ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ಉಣ್ಣೆಯ ವಾಸನೆ, ಹಬೆಯಲ್ಲಿ ಬೆಂದ ಬಟ್ಟೆಯ ವಾಸನೆ ಅದರೊಳಗೆ ಕೂಡಿ, ಮನೆಗೆ ಹೋದರೆ ನನ್ನ ತಾಯಿ ಅಂಗಿಯನ್ನು ಹೊರಗೇ ತೆಗೆಸುತ್ತಿದ್ದಳು.

ಬೂಟು, ಕೋಟು, ಕಂಬಳಿ ಬೇರೆಯವರ ಪಾಲು. ನನ್ನ ಪಾಲಿಗೆ ಬಂದದ್ದು ಟೋಪಿ. ಅದರಲ್ಲೂ ಸ್ಕಾಟ್ ಪಲ್ಟಣಗಳ ಟೋಪಿ: ಜೋಳದ ರೊಟ್ಟಿಯಷ್ಟು ಅಗಲ, ಖಾಕಿ ಬಣ್ಣ, ನೆತ್ತಿಯ ಮೇಲೊಂದು ಗೊಂಡೆ. ಹೊಲಿಯುವವರೆಲ್ಲ ಅದನ್ನು ರೊಟ್ಟಿ ಟೊಪ್ಪಿಗಿ ಎಂದೇ ಕರೆಯುತ್ತಿದ್ದರು. ಆ ಟೋಪಿಯ ಎಡಭಾಗದಲ್ಲಿ ಚೌಕಡಿ ಬಟ್ಟೆಯ ತುಂಡು, ಅದರ ಮೇಲೆ ಲೋಹದ ಬಿಲ್ಲೆ. ಆ ಬಟ್ಟೆಗೆ ಅವರ ಭಾಷೆಯಲ್ಲಿ ಟಾರ್ಟನ್ ಎಂದು ಹೆಸರು. ಒಂದೊಂದು ಪಲ್ಟಣಿಗೆ ಒಂದೊಂದು ಚೌಕಡಿ. ದುರಸ್ತಿಗೆ ಬಂದ ಟೋಪಿಗಳಲ್ಲಿ ಆ ತುಂಡು ಹರಿದಿರುತ್ತಿತ್ತು, ಇಲ್ಲವೆ ಉದುರಿ ಹೋಗಿರುತ್ತಿತ್ತು. ಬಿಲ್ಲೆ ನೋಡಿ ಯಾವ ಬಟ್ಟೆ ಹಚ್ಚಬೇಕೆಂದು, ಬಟ್ಟೆ ನೋಡಿ ಯಾವ ಬಿಲ್ಲೆ ಹಚ್ಚಬೇಕೆಂದು ಗುರುತಿಸಿ ಚೀಟಿ ಕಟ್ಟುವುದು ನನ್ನ ಕೆಲಸ.

ಮೊದಲ ದಿನ ಮೇಲ್ವಿಚಾರಕ ಗುರುನಾಥರಾಯರು ನನ್ನ ಮುಂದೆ ಒಂದು ಬಣ್ಣದ ಚಿತ್ರಪಟ ಹಾಸಿದರು. ದಪ್ಪ ಮೀಸೆಯ, ಸದಾ ಬಾಯಲ್ಲಿ ಅಡಿಕೆ ಇಟ್ಟುಕೊಂಡಿರುವ ಮನುಷ್ಯ. "ಇದರಾಗ ಎಲ್ಲಾ ಐತಿ. ನೋಡು, ಹೊಂದಿಸು, ಚೀಟಿ ಕಟ್ಟು. ನನ್ನ ತಲಿ ತಿನ್ನಬ್ಯಾಡ," ಎಂದರು.

ನಾನು ಬಣ್ಣ ನೋಡಿ ಹೊಂದಿಸಿದೆ. ಸಂಜೆಗೆ ರಾಯರು ಬಂದು ಒಂದು ಟೋಪಿ ಎತ್ತಿ ನೋಡಿದರು, ಇನ್ನೊಂದು ಎತ್ತಿದರು.

"ಏನೋ ಇದು?"

"ಜಿಂಕೀರಿ."

"ಜಿಂಕಿ ಅನ್ನೋದು ನನಗೂ ಕಾಣಸ್ತೈತಿ. ಎಷ್ಟು ಥರದ ಜಿಂಕಿ ಅದಾವ?"

ನೋಡಿದರೆ ಎರಡು ಥರ. ಒಂದು ಜಿಂಕೆಯ ತಲೆಯ ಸುತ್ತ ಬಳ್ಳಿಯ ಎಲೆಗಳ ಬಳೆ. ಅದಕ್ಕೆ ಹಳದಿ ಗೀರಿನ ಬಟ್ಟೆ. ಇನ್ನೊಂದಕ್ಕೆ ಬಳ್ಳಿಯಿಲ್ಲ, ಕೊಂಬು ಬಯಲಾಗಿ ಹರಡಿದೆ, ಕೆಳಗೆ ಅಕ್ಷರದ ಪಟ್ಟಿ. ಅದಕ್ಕೆ ಬಿಳಿ ಮತ್ತು ಕೆಂಪು ಗೀರಿನ ಬಟ್ಟೆ. ಬಿಸಿಲಿನಲ್ಲಿ ಹಳದಿ ಗೀರು ಬೆಳ್ಳಗಾಗಿತ್ತು, ಬೆವರಿನಲ್ಲಿ ಬಿಳಿ ಗೀರು ಹಳದಿಯಾಗಿತ್ತು. ನಾನು ಎರಡೂ ಹಿಂಡನ್ನು ಒಂದೇ ದೊಡ್ಡಿಗೆ ಹೊಡೆದಿದ್ದೆ.

"ಇವರು ಒಬ್ಬರ ಟೊಪ್ಪಿಗಿ ಇನ್ನೊಬ್ಬರು ಹಾಕ್ಕೊಂಡ್ರ ಹಿಟ್ಲರನ್ನ ಬಿಟ್ಟು ತಮ್ಮತಮ್ಮಾಗ ಬಡದಾಡ್ತಾರ. ಬಿಚ್ಚು ಎಲ್ಲಾ ಚೀಟಿ," ಎಂದು ರಾಯರು ಹೋದರು.

ಆ ವಾರದಲ್ಲಿ ಕಲಿತದ್ದು ಮೂರು. ಬಣ್ಣವನ್ನು ನಂಬಬಾರದು, ಗೀರು ಎಲ್ಲಿ ಬೀಳುತ್ತದೆ ಎನ್ನುವುದನ್ನು ನೋಡಬೇಕು. ದೀಪದ ಬೆಳಕಿನಲ್ಲಿ ಕಡುನೀಲಿ ಮತ್ತು ಕಪ್ಪು ಒಂದೇ. ಆದ್ದರಿಂದ ಗೋದಾಮಿನ ಉತ್ತರದ ಬಾಗಿಲಿನಲ್ಲಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ ನೋಡಬೇಕು. ಮೂರನೆಯದು, ಅಚ್ಚಿನ ಚಿತ್ರಪಟಕ್ಕಿಂತ ಬಟ್ಟೆಯ ಚೂರು ಮೇಲು. ಒಂದು ಹಲಗೆಗೆ ಖಾತ್ರಿಯಾದ ಚೂರುಗಳನ್ನು ಮೊಳೆ ಹೊಡೆದು, ಪಕ್ಕದಲ್ಲಿ ಬಿಲ್ಲೆಯ ಚಿತ್ರ ಬರೆದೆ. ಬಟ್ಟೆಯ ವ್ಯಾಪಾರಿಯೊಬ್ಬರು ಎಳೆ ಎಣಿಸುವ ಭೂತಗನ್ನಡಿ ಕೊಟ್ಟರು. ದಿನವೂ ಸಂಜೆ ಡೈರಿಯಲ್ಲಿ ಜಿಂಕೆ, ಬಳ್ಳಿ ಜಿಂಕೆ, ಕೋಟೆ, ಆನೆ ಎಂದು ಮನೆ ಹಾಕಿ ಗೀಟು ಎಳೆಯುತ್ತಿದ್ದೆ.

ಹೌದು, ಆನೆಯೂ ಇತ್ತು. ನಕ್ಷತ್ರದಾಕಾರದ ಬಿಲ್ಲೆ, ಕೆಳಗೆ ಒಂದು ಪುಟ್ಟ ಆನೆ, ಅದರ ಮೇಲೆ ಒಂದು ಊರಿನ ಹೆಸರು. ಆ ಊರು ನಿಜಾಮರ ಸೀಮೆಯ ಕಡೆಯದೆಂದೂ ಇವರ ಹಿಂದಿನವರು ಅಲ್ಲಿ ಮರಾಠರ ಜೊತೆ ಕಾದಿದ್ದರೆಂದೂ ಗುರುನಾಥರಾಯರು ಹೇಳಿದರು. ನನಗೆ ಸೋಜಿಗವಾದದ್ದು ಇನ್ನೊಂದು. ಆನೆಯ ಬಿಲ್ಲೆಗೂ ಬಯಲು ಜಿಂಕೆಯ ಬಿಲ್ಲೆಗೂ ಒಂದೇ ಬಟ್ಟೆ, ಅದೇ ಬಿಳಿ ಮತ್ತು ಕೆಂಪು ಗೀರು. ಬೇರೆ ಪಲ್ಟಣ, ಬೇರೆ ಪ್ರಾಣಿ, ಬಟ್ಟೆ ಒಂದು. ಅಂದರೆ ಬಟ್ಟೆ ಒಂದನ್ನೇ ನೋಡಿ ಬಿಲ್ಲೆ ಹೇಳಲು ಬರುವುದಿಲ್ಲ. ಬಟ್ಟೆಯ ಮೇಲೆ ಉಳಿದ ತುಕ್ಕಿನ ಗುರುತು, ಕೊಕ್ಕೆ ಚುಚ್ಚಿದ ತೂತು ನೋಡಬೇಕು.

ಈ ಸಂಗತಿಯನ್ನು ಹೇಳಿದಾಗ ನಕ್ಕವರು ರಾಜೇಸಾಬರು. ನಮ್ಮಲ್ಲಿ ಟೋಪಿ ಹೊಲಿಯುತ್ತಿದ್ದ ದರ್ಜಿ. ಹೆಬ್ಬಳ್ಳಿಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ತಂದೆ ಮಗ್ಗದ ಮೇಲೆ ಪಂಚೆ, ಟವೆಲು ನೇಯುತ್ತಿದ್ದರಂತೆ. ಮಗ ಕತ್ತರಿ ಹಿಡಿದಿದ್ದರು.

"ಅಲ್ರೀ ರಾಯರ, ನಮ್ಮ ಆನಿ ಹೋಗಿ ಅವರ ತಲಿ ಮ್ಯಾಲ ಕುಂತೈತೆಂದ್ರ ಯಾರು ಗೆದ್ದಂಗಾತು?"

"ಕಾಕಾ, ನನ್ನ ರಾಯರ ಅನಬ್ಯಾಡ್ರಿ. ಗುರುನಾಥರಾಯರು ಕೇಳಿದ್ರ ಸಿಟ್ಟಾಗ್ತಾರ."

"ಆಗಲಿ ಬಿಡ್ರಿ. ಅವರು ದೊಡ್ಡ ರಾಯರು, ನೀವು ಸಣ್ಣ ರಾಯರು. ಎರಡೂ ಒಂದೇ ಥಾನಿನ ಬಟ್ಟಿ."

ರಾಜೇಸಾಬರ ಹೊಲಿಗೆ ಬಹಳ ಗಟ್ಟಿ. ಬಟ್ಟೆಯ ಅಂಚನ್ನು ಒಂದು ಬೆರಳಗಲ ಒಳಗೆ ಮಡಚಿ, ಬಿಳಿ ದಾರದಲ್ಲಿ ಎರಡು ಸಾಲು ಕೈಹೊಲಿಗೆ ಹಾಕುತ್ತಿದ್ದರು. ಅಷ್ಟು ಮಡಿಕೆ ಯಾಕೆಂದು ಕೇಳಿದರೆ, "ಉಗಿಯೊಳಗ ಬೇಯಸ್ತಾರ, ಮಳ್ಯಾಗ ನೆನಸ್ತಾರ. ಸಣ್ಣ ಅಂಚು ನಿಲ್ಲೂದಿಲ್ಲ. ಟೊಪ್ಪಿಗಿ ಹರದ್ರೂ ನನ್ನ ಬಟ್ಟಿ ಹರೀಬಾರದು," ಎನ್ನುತ್ತಿದ್ದರು.

ಮೊದಮೊದಲು ನಮಗೆ ಹೊಸ ಬಟ್ಟೆ ಕೊಡುತ್ತಿರಲಿಲ್ಲ. ಸ್ಕಾಟ್ ಸೈನಿಕರು ಉಡುವ ಲಂಗದಂಥ ಉಡುಪು, ಹರಿದದ್ದು, ಬರುತ್ತಿತ್ತು. ಅದರಲ್ಲಿ ಗಟ್ಟಿ ಉಳಿದ ಜಾಗವನ್ನು ಕತ್ತರಿಸಿ ಬಳಸುತ್ತಿದ್ದೆವು. ನಂತರ ಒಂದು ದಿನ ಹೊಸ ಥಾನು, ಕತ್ತರಿಸದ ಬಟ್ಟೆಯ ಇಡೀ ಸುರುಳಿ, ಬಂತು, ಬಿಳಿ ಕೆಂಪು ಗೀರಿನದು. ಮುದ್ರೆ ಒತ್ತಿದ ಸರ್ಕಾರಿ ಬಟ್ಟೆ. ಸಹಿ ಹಾಕಿಸಿಕೊಂಡು ರಾಜೇಸಾಬರ ಕೈಗೆ ಒಪ್ಪಿಸಿದರು. ಜಿಂಕೆ, ಆನೆ ಎರಡಕ್ಕೂ ಅದರಲ್ಲೇ ಹೊಲಿದಾಯಿತು. ನನ್ನ ಕೆಲಸ ಚೀಟಿ ಕಟ್ಟುವಲ್ಲಿಗೆ ಮುಗಿಯುತ್ತಿತ್ತು; ಹೊಲಿದ ಟೋಪಿಗಳನ್ನು ಗುರುನಾಥರಾಯರು ತಿರುಗಿಸಿ ನೋಡದೆ ಎಣಿಸಿ, ಪೆಟ್ಟಿಗೆ ತುಂಬಿಸಿ, ಒಂದು ಕಂತು ರೈಲಿಗೆ ಹಾಕಿಸಿದರು. ಎರಡನೆಯ ಕಂತು ಮರುದಿನ ಹೋಗಬೇಕು.

ಆ ಮರುದಿನ ಬೆಳಿಗ್ಗೆ, ಒಂಬತ್ತು ಗಂಟೆಯ ಸುಮಾರಿಗೆ, ತಪಾಸಣೆಯ ಸಾರ್ಜೆಂಟ್ ಬಂದ. ಕೆಂಪು ಮುಖದ, ಎತ್ತರದ ಸ್ಕಾಟ್. ಅವನ ಟೋಪಿಯ ಮೇಲೂ ಬಯಲು ಜಿಂಕೆ. ಪೆಟ್ಟಿಗೆಯ ಮುಚ್ಚಳ ತೆಗೆಸಿ ಒಂದು ಟೋಪಿ ಎತ್ತಿದ, ಮುಖ ಗಂಟಾಯಿತು. ಎರಡನೆಯದು, ಮೂರನೆಯದು. ಎಲ್ಲವನ್ನೂ ನೆಲಕ್ಕೆ ಸುರಿಸಿದ. ಒಂದರಲ್ಲೂ ಬಿಳಿ ಗೀರಿಲ್ಲ, ಕೆಂಪು ಗೀರಿಲ್ಲ. ಬರೀ ನೀಲಿ, ಕಪ್ಪು, ಹಸಿರು.

ಅದು ಬೇರೆ ಪಲ್ಟಣಿನ ಬಟ್ಟೆ ಎಂದ. ಗೀರಿಲ್ಲದ ನೀಲಿ ಹಸಿರು ಚೌಕಡಿಯ ಪಲ್ಟಣ ಬೇರೆಯೇ ಇದೆ. ತಮ್ಮ ಬಟ್ಟೆಯನ್ನು ಇಲ್ಲಿ ಯಾರೋ ಪೇಟೆಯಲ್ಲಿ ಮಾರಿಕೊಂಡು, ಇದನ್ನು ಹಚ್ಚಿದ್ದಾರೆ ಎಂದ. ಸಂಜೆಯ ರೈಲಿಗೆ ಅವನು ಹೋಗಬೇಕು. ಹೋಗುವ ಮೊದಲು ಆ ಮನುಷ್ಯನನ್ನು ಪೊಲೀಸರಿಗೆ ಒಪ್ಪಿಸಿ ಹೋಗುತ್ತೇನೆ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಗುರುನಾಥರಾಯರ ಬಾಯಲ್ಲಿನ ಅಡಿಕೆ ನಿಂತಿತ್ತು.

"ರಾಜೇಸಾಬ! ಥಾನು ಎಲ್ಲಿ ಮಾರಿದಿ?"

ರಾಜೇಸಾಬರು ಸೂಜಿಯನ್ನು ಅಂಗಿಯ ಎದೆಗೆ ಚುಚ್ಚಿಕೊಂಡು ಎದ್ದು ನಿಂತರು. "ಏನಂದ್ರಿ?"

"ಕಿವಿ ಕೇಳಸೂದಿಲ್ಲೇನು? ಯುದ್ಧದ ಮಾಲು ಅದು. ಜೇಲಿಗೆ ಹಾಕ್ತಾರ ನಿನ್ನ. ನನ್ನನ್ನೂ ಕೂಡೇ ಹಾಕ್ತಾರ. ಎಲ್ಲಿ ಮಾರಿದಿ ಹೇಳು."

ರಾಜೇಸಾಬರು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಹೋಗಿ ಗೋಡೆಗೆ ಒರಗಿ ಕುಳಿತರು. ಎಷ್ಟು ಕೂಗಿದರೂ ಬಾಯಿ ಬಿಡಲಿಲ್ಲ. ಕಳ್ಳ ಎಂದವರ ಜೊತೆ ಏನು ಮಾತು ಎಂಬಂತೆ ಕುಳಿತುಬಿಟ್ಟರು.

ನಾನು ಒಂದು ಟೋಪಿ ತೆಗೆದುಕೊಂಡು ಉತ್ತರದ ಬಾಗಿಲಿಗೆ ಹೋದೆ. ಧೈರ್ಯದಿಂದ ಅಲ್ಲ, ಅಲ್ಲಿ ನಿಲ್ಲಲಾಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ನೂಲು ಅದೇ, ನೇಯ್ಗೆ ಅದೇ ಓರೆ ನೇಯ್ಗೆ, ಹಲಗೆಯ ಮೇಲಿನ ಚೂರಿನಷ್ಟೇ ಎಳೆ. ಪೇಟೆಯ ಬಟ್ಟೆಯಾಗಿದ್ದರೆ ಇಷ್ಟು ಹೊಂದುತ್ತಿರಲಿಲ್ಲ. ಹಾಗಾದರೆ ಬಿಳಿ ಗೀರು ಎಲ್ಲಿ? ಇನ್ನೊಂದು ಟೋಪಿ ತಂದೆ, ಮತ್ತೊಂದು ತಂದೆ. ಮೂರನ್ನೂ ಹೊಸ್ತಿಲ ಮೇಲೆ ಸಾಲಾಗಿಟ್ಟೆ.

ಆಗ ಒಂದು ವಿಚಿತ್ರ ಕಂಡಿತು. ಮೂರೂ ತುಂಡುಗಳು ಅಚ್ಚು ಒತ್ತಿದಂತೆ ಒಂದೇ ಥರ ಇದ್ದವು. ಚೌಕಡಿ ಬಟ್ಟೆಯನ್ನು ಅಳತೆ ಮಾಡಿ ಸುಮ್ಮನೆ ಕತ್ತರಿಸುತ್ತ ಹೋದರೆ ಒಂದರಲ್ಲಿ ಗೀರು ನಡುವೆ ಬರುತ್ತದೆ, ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ. ಇಲ್ಲಿ ಮಾತ್ರ ಒಂದು ಬದಿಗೆ ಹಸಿರು, ಎದುರು ಬದಿಗೆ ನೀಲಿ, ಪ್ರತಿ ತುಂಡಿನಲ್ಲೂ. ಹಸಿರು ಪಟ್ಟೆಯ ಅರ್ಧವಷ್ಟೇ ಹೊರಗೆ, ಉಳಿದದ್ದು ಮಡಿಕೆಯೊಳಗೆ. ಬಿಳಿ ಗೀರು ಇರುವುದು ಹಸಿರಿನ ನಡುವೆ, ಕೆಂಪು ಗೀರು ನೀಲಿಯ ನಡುವೆ.

ನಾನು ಹೋಗಿ ರಾಜೇಸಾಬರ ಎದುರು ಕುಕ್ಕರಗಾಲಲ್ಲಿ ಕುಳಿತೆ. "ಕಾಕಾ, ಕದ್ದೀರಿ ಅನ್ನಾಕ ಬಂದಿಲ್ಲ ನಾನು. ಥಾನು ಹ್ಯಾಂಗ ಕತ್ತರಿಸಿದ್ರಿ, ಅಷ್ಟು ಹೇಳ್ರಿ."

ಅವರು ಎದೆಗೆ ಚುಚ್ಚಿದ್ದ ಸೂಜಿಯನ್ನು ತಿರುಗಿಸುತ್ತ ಕುಳಿತರು.

"ಸೀಮೆಸುಣ್ಣದ ಗೀಟು ಹಾಕಿದ್ರೇನು?"

ಅದಕ್ಕೆ ಮಾತ್ರ ಅವರಿಗೆ ತಡೆಯಲಾಗಲಿಲ್ಲ. "ಸೀಮೆಸುಣ್ಣ ಯಾಕ ಬೇಕ್ರಿ? ಗಿರಣಿಯವ ಕತ್ತರಿ ಗುರುತು ನೇದ ಕೊಟ್ಟಾನಲ್ಲ. ಬಿಳೀದು ಒಂದು, ಕೆಂಪುದು ಒಂದು. ಅಡ್ಡನೂ ಐತಿ, ಉದ್ದನೂ ಐತಿ. ಅದರ ಮ್ಯಾಲ ಕತ್ತರಿ ಓಡಿಸಿದೆ. ಟೊಪ್ಪಿಗಿ ತುಂಡು, ಸುತ್ತೂ ಬೆರಳಗಲ ಮಡಿಕಿ. ಹೇಳಿ ಮಾಡಿಸಿದಂಗ ಅಳತಿ ಬಂತು. ಛಲೋ ಗಿರಣಿ ಅಂದುಕೊಂಡೆ."

ಆಗ ನನಗೆ ತಿಳಿಯಿತು. ನಮ್ಮ ಮಗ್ಗಗಳಲ್ಲಿ ಟವೆಲು, ಪಂಚೆಗಳನ್ನು ಒಂದೇ ಉದ್ದಕ್ಕೆ ನೇಯುತ್ತಾರೆ. ಒಂದು ಮುಗಿದು ಇನ್ನೊಂದು ಶುರುವಾಗುವಲ್ಲಿ ಬೇರೆ ಬಣ್ಣದ ನಾಲ್ಕೆಳೆ ಹಾಕುತ್ತಾರೆ. ಅಲ್ಲಿ ಕತ್ತರಿಸು ಎನ್ನುವುದಕ್ಕೆ. ಕತ್ತರಿಸಿದ ಮೇಲೆ ಆ ಎಳೆಯನ್ನು ಮಡಿಕೆಯಲ್ಲಿ ಮುಚ್ಚುತ್ತಾರೆ. ಅದು ಹೊರಗೆ ಕಂಡರೆ ಕೆಲಸ ಅರ್ಧಕ್ಕೆ ಬಿಟ್ಟಂತೆ. ಮಗ್ಗದ ಮನೆಯಲ್ಲಿ ಹುಟ್ಟಿದ ರಾಜೇಸಾಬರಿಗೆ ಆ ಬಿಳಿ ಗೀರು ಬೇರೆ ಏನಾಗಿ ಕಂಡೀತು?

"ಹಳೇ ಟೊಪ್ಪಿಗಿ ಮ್ಯಾಲ ಬಿಳಿ ಗೀರು ಹೊರಗ ಕಾಣಸ್ತಿತ್ತಲ್ಲ ಕಾಕಾ?"

"ಕಾಣಸ್ತಿತ್ತು. ಅವರ ದರ್ಜಿ ಅವಸರದಾಗ ಹೊಲದಾನ, ಗುರುತು ಮುಚ್ಚಿಲ್ಲ ಅಂದುಕೊಂಡೆ. ನನ್ನ ಕೆಲಸ ಹಂಗಿರಬಾರದಲ್ಲ?"

ಸಾರ್ಜೆಂಟನ ಮುಂದೆ ಹೋಗಿ ನಾನು ಹೇಳಿದ್ದನ್ನು ಅವನು ನಂಬಲಿಲ್ಲ. ರಾಜೇಸಾಬರು ತಾವೇ ಎದ್ದು ಬಂದರು. ನೆಲದ ಮೇಲಿನ ರಾಶಿಯಿಂದ ಒಂದು ಟೋಪಿಯನ್ನು ನೀವೇ ಆರಿಸಿ ಎಂದು ಕೈಸನ್ನೆ ಮಾಡಿದರು. ಅವನು ಅಡಿಯಿಂದ ಒಂದನ್ನು ಎಳೆದುಕೊಟ್ಟ. ಅವರು ಕತ್ತರಿಯ ಮೊನೆಯಿಂದ ಒಂದು ಮೂಲೆಯ ಹೊಲಿಗೆ ಬಿಚ್ಚಿ, ಬೆರಳಿನಿಂದ ಮಡಿಕೆ ತೆರೆದರು. ಒಳಗೆ ಒಂದೇ ಮೂಲೆಯಲ್ಲಿ ಒಂದು ಅಂಚಿಗೆ ಬಿಳಿ ಎಳೆ, ಇನ್ನೊಂದು ಅಂಚಿಗೆ ಕೆಂಪು ಎಳೆ. ಸಾರ್ಜೆಂಟ್ ಇನ್ನೊಂದು ಟೋಪಿ ಕೊಟ್ಟ. ಅದರಲ್ಲೂ ಇತ್ತು. ಮೂರನೆಯದನ್ನು ಅವನೇ ಚಾಕುವಿನಿಂದ ಬಿಚ್ಚಿದ.

ಅವನು ಆ ಮೂಲೆಯ ಎಳೆಗಳನ್ನು ಉಗುರಿನಿಂದ ಎತ್ತಿ ನೋಡಿದ. ಕತ್ತರಿ ಗುರುತಿನ ಮಾತನ್ನು ನಾನು ಎರಡು ಸಲ ಬಿಡಿಸಿ ಹೇಳಬೇಕಾಯಿತು. ಎರಡನೆಯ ಸಲ ಅವನು ಗೋದಾಮಿನ ತಗಡು ನಡುಗುವಂತೆ ನಕ್ಕ. ತನ್ನ ಟೋಪಿ ತೆಗೆದು, ಜಿಂಕೆಯ ಕೊಂಬಿನ ಹಿಂದೆ ಬಿಳಿ ಗೀರುಗಳು ಒಂದನ್ನೊಂದು ಹಾಯುವ ಜಾಗವನ್ನು ಬೆರಳಿಟ್ಟು ತೋರಿಸಿದ. ಇದು ಹೊರಗೆ ಕಾಣಬೇಕು, ಇದೇ ನಾವು ಎಂದ.

ರಾಜೇಸಾಬರು ನಗಲಿಲ್ಲ. ನೆಲದ ಮೇಲಿನ ರಾಶಿ ನೋಡುತ್ತಿದ್ದರು. "ಮುಂಚೆ ಹೋದ ಪೆಟಗಿ ವಾಪಸ್ ತರಸ್ತಾರೇನು, ಕೇಳ್ರಿ," ಎಂದರು.

ಆಗುವುದಿಲ್ಲ ಎಂದ ಸಾರ್ಜೆಂಟ್. ಅವು ಎಲ್ಲಿಗೆ ಹೋದವೆಂದು ಹೇಳುವ ಹಾಗೂ ಇರಲಿಲ್ಲ.

"ಹಂಗಾದ್ರ ಅವನ್ನ ಹಾಕ್ಕೊಂಡವರಿಗೆ ನೀವು ಯಾವ ಪಲ್ಟಣಿನವರು ಅಂತ ಕೇಳಿದ್ರ?"

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸಾರ್ಜೆಂಟನ ನಗು ಇಳಿಯಿತು. ಟೋಪಿ ಹಾಕಿಕೊಂಡು, ರಾಜೇಸಾಬರ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಮುಂದಿನ ಲೆಕ್ಕಕ್ಕೆ ಹೋದ. ಪೊಲೀಸರ ಮಾತು ಮತ್ತೆ ಬರಲಿಲ್ಲ.

ಉಳಿದ ಟೋಪಿಗಳನ್ನು ಬಿಚ್ಚಿ ಹೊಲಿಯುವುದಕ್ಕೆ ಆ ವಾರವೆಲ್ಲ ಹಿಡಿಯಿತು. ಗೀರು ನಡುವೆ ಬರುವಂತೆ ಕತ್ತರಿಸಲು ನಾನು ರಟ್ಟಿನ ಅಚ್ಚು ಮಾಡಿ ಅದರ ಮಧ್ಯೆ ಕಿಟಕಿ ಕೊರೆದೆ. ಕಿಟಕಿಯಲ್ಲಿ ಬಿಳಿ ಗೀರು ಕಂಡರೆ ಮಾತ್ರ ಕತ್ತರಿ. ಹೊಸ ಅಚ್ಚಿನಲ್ಲೂ ರಾಜೇಸಾಬರು ಬೆರಳಗಲದ ಮಡಿಕೆ ಬಿಡಲಿಲ್ಲ. ಟೋಪಿಗಳನ್ನು ಎಣಿಸುವ ಮೊದಲು ಒಂದೊಂದನ್ನು ತಿರುಗಿಸಿ ನೋಡುವ ಪದ್ಧತಿ ಆ ದಿನದಿಂದ ಶುರುವಾಯಿತು. ಗುರುನಾಥರಾಯರು ಕ್ಷಮೆ ಕೇಳಲಿಲ್ಲ. ಆದರೆ ಮರುದಿನ ತಮ್ಮ ಅಡಿಕೆ ಡಬ್ಬಿಯನ್ನು ಹೊಲಿಗೆಯ ಮೇಜಿನ ಮೇಲೆ ತೆರೆದಿಟ್ಟು, "ತಗೋರಿ ರಾಜೇಸಾಬರ," ಎಂದರು. ಆ 'ರಿ' ನಾವು ಮೊದಲ ಸಲ ಕೇಳಿದ್ದು. ರಾಜೇಸಾಬರು ಒಂದು ಚೂರು ತೆಗೆದುಕೊಂಡರು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಯುದ್ಧ ಮುಗಿಯಿತು, ಗೋದಾಮಿಗೆ ಹತ್ತಿ ಮರಳಿತು, ನಾನು ಬೇರೆ ಉಗ್ರಾಣಗಳಿಗೆ ಹೋದೆ. ಅಮರಗೋಳದಲ್ಲೋ ಹುಬ್ಬಳ್ಳಿಯ ಪೇಟೆಯಲ್ಲೋ ರಾಜೇಸಾಬರು ಸಿಕ್ಕಾಗಲೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಆ ಟೊಪ್ಪಿಗಿ ಸುದ್ದಿ ಏನರ ಬಂತೇನ್ರಿ, ಸಣ್ಣ ರಾಯರ?" ಇಲ್ಲ ಎಂದಾಗ, "ಹರದಿರಲಿಕ್ಕಿಲ್ಲ ಬಿಡ್ರಿ. ಗಟ್ಟಿ ಹೊಲದೇನಿ," ಎನ್ನುತ್ತಿದ್ದರು. ಅದು ಸಮಾಧಾನವೋ ಸಂಕಟವೋ ನನಗೆ ತಿಳಿಯುತ್ತಿರಲಿಲ್ಲ. ಕೊನೆಯ ಸಲ ಹೆಬ್ಬಳ್ಳಿಯ ಅವರ ಮನೆಯಲ್ಲಿ ಕೇಳಿದಾಗಲೂ ನಾನು ಇಲ್ಲವೆಂದೇ ಹೇಳಬೇಕಾಯಿತು.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೆ: ಮಾಲು ತಪ್ಪಾಗಿ ಕಂಡಾಗ ಯಾರು ಮಾಡಿದರು ಎಂದು ಕೇಳುವ ಮೊದಲು ಹೇಗೆ ಮಾಡಿದರು ಎಂದು ಕೇಳಿ.

ಇನ್ನು ಉಳಿದ ಓದುಗರಲ್ಲಿ ಒಂದು ಕೋರಿಕೆ. ಗೆಳೆಯರ ಡಬ್ಬಿಯಲ್ಲಿರುವ ಬಿಲ್ಲೆ ಆ ಮೊದಲ ಪೆಟ್ಟಿಗೆಯದೇ ಎಂದು ನಾನು ಆಣೆ ಮಾಡಲಾರೆ. ನನ್ನ ಹೆಬ್ಬೆರಳಿಗೆ ತಾಗಿದ್ದು ಒಂದು ದಪ್ಪ ಅಂಚು ಮಾತ್ರ. ಆದರೆ ಯಾರ ಮನೆಯ ಟ್ರಂಕಿನಲ್ಲಾದರೂ, ಯಾವ ಗುಜರಿಯಲ್ಲಾದರೂ ಬಯಲು ಜಿಂಕೆಯ ಅಥವಾ ಆನೆಯ ಬಿಲ್ಲೆ, ಹಿಂದೆ ಗೀರಿಲ್ಲದ ನೀಲಿ ಹಸಿರು ಬಟ್ಟೆ, ಬಿಳಿ ದಾರದ ಎರಡು ಸಾಲು ಕೈಹೊಲಿಗೆ ಕಂಡರೆ ಖೊಟ್ಟಿ ಎಂದು ಎಸೆಯಬೇಡಿ. ಒಂದು ಮೂಲೆಯ ಎರಡು ಹೊಲಿಗೆ ಮಾತ್ರ ಬಿಚ್ಚಿ ನೋಡಿ. ಒಳಗೆ ಬಿಳಿ ಎಳೆ ಕಂಡರೆ, ಅದು ಎಲ್ಲಿ, ಯಾರ ಕೈಯಿಂದ ಸಿಕ್ಕಿತೆಂದು ಈ ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಬರೆಯಿರಿ. ಆ ಟೋಪಿ ಹಾಕಿಕೊಂಡವರನ್ನು ಅವರ ಪಲ್ಟಣಿನವರು ಗುರುತು ಹಿಡಿದರೋ ಇಲ್ಲವೋ, ಬಲ್ಲವರಿದ್ದರೆ ಅದನ್ನೂ ತಿಳಿಸಿ. ರಾಜೇಸಾಬರು ಈಗಿಲ್ಲ; ಹೆಬ್ಬಳ್ಳಿಯಲ್ಲಿ ಅವರ ಮಗಳಿದ್ದಾಳೆ, ಅವಳೂ ಹೊಲಿಗೆಯವಳೇ. ಸುದ್ದಿ ಬಂದ ದಿನವೇ ಹೋಗಿ ಹೇಳುತ್ತೇನೆ.

ನೋಡಿಯಾದ ಮೇಲೆ ಬಿಚ್ಚಿದ ಮೂಲೆಯನ್ನು ಮತ್ತೆ ಹೊಲಿದುಬಿಡಿ. ಮಡಿಕೆ ಅವರು ಹಾಕಿದಷ್ಟೇ ಅಗಲ ಇರಲಿ.